ಅಣ್ಣ, ಮುಂದೆ ಯಾವ್ದು ನೋಡ್ಲಿ?

ಇವತ್ತು ರಾಜಕೀಯಕ್ಕೆ ರಜೆ. ಹನೂರು ತಾಲ್ಲೂಕಿನ ಬಂಡಳ್ಳಿಯಿಂದ ಪಿಯುಸಿ ಓದುವ ಹುಡುಗನೊಬ್ಬ ಮೆಸೇಜ್ ಕಳಿಸಿದ್ದಾನೆ: ‘ಅಣ್ಣ, ನರುಟೊ ಮುಗೀತು, ಡೀಮನ್ ಸ್ಲೇಯರ್ ಬಂದಷ್ಟೂ ಮುಗೀತು, ಡೆತ್ ನೋಟ್ ಎರಡು ಸಲ ಆಯ್ತು. ಮುಂದೆ ಯಾವ ಅನಿಮೆ ನೋಡ್ಲಿ?’

ಅನಿಮೆ ಅಂದ್ರೆ ಜಪಾನಿನ ಕಾರ್ಟೂನ್. ಚಿಕ್ಕಮಕ್ಕಳದ್ದು ಅಂತ ತಳ್ಳಿಹಾಕಬೇಡಿ.

ನಾನು ಇಂಜಿನಿಯರಿಂಗ್ ಓದಿದವನು. ಆ್ಯಪ್‌ನ ಲೆಕ್ಕ ಸರಳ: ನಿನ್ನಂತೆ ನೋಡಿದವರು ಆಮೇಲೆ ಏನು ನೋಡಿದರೋ ಅದನ್ನೇ ನಿನ್ನ ಮುಂದಿಡುತ್ತೆ. ನಿನಗೆ ಅದು ಯಾಕೆ ಇಷ್ಟವಾಯ್ತು ಅಂತ ಕೇಳಲ್ಲ. ನಾನು ಕೇಳ್ತೀನಿ.

ಡೀಮನ್ ಸ್ಲೇಯರ್‌ನಲ್ಲಿ ಕತ್ತಿವರಸೆಗಿಂತ, ತಂಗಿಯನ್ನು ಬೆನ್ನಮೇಲೆ ಹೊತ್ತ ಅಣ್ಣ ಹಿಡಿಸಿದನಾ? ಹಾಗಾದರೆ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ ನೋಡು, 64 ಕಂತು. ಸತ್ತ ತಾಯಿಯನ್ನು ಬದುಕಿಸಲು ಹೋಗಿ ಅಣ್ಣ ಒಂದು ಕೈ, ಒಂದು ಕಾಲು ಕಳೆದುಕೊಳ್ತಾನೆ. ತಮ್ಮ ಇಡೀ ದೇಹವನ್ನೇ. ಡೆತ್ ನೋಟ್‌ನ ಬುದ್ಧಿಯ ಆಟ ಇಷ್ಟವಾಗಿದ್ದರೆ ‘ಮಾನ್‌ಸ್ಟರ್’, 74 ಕಂತು. ಡಾಕ್ಟರ್ ಒಬ್ಬ ಜೀವ ಉಳಿಸಿದ ಹುಡುಗ ಕೊಲೆಗಾರನಾಗ್ತಾನೆ. ಉಳಿಸಿದ್ದೇ ತಪ್ಪಾ? ಕಥೆ ನಿಧಾನ, ತಾಳ್ಮೆ ಬೇಕು.

ಇನ್ನು ನರುಟೊ. ಊರೇ ಹೆದರುವ ಮೃಗವನ್ನು ಒಳಗಿಟ್ಟುಕೊಂಡ ಹುಡುಗ. ಅವನು ಇಷ್ಟ ಅಂದ್ರೆ ಹಯಾವೊ ಮಿಯಾಜಾಕಿ 1997ರಲ್ಲಿ ಮಾಡಿದ ‘ಪ್ರಿನ್ಸೆಸ್ ಮೊನೊನೊಕೆ’ ನೋಡಲೇಬೇಕು. ಗುಂಡು ಹೊಕ್ಕು ಹುಚ್ಚೆದ್ದ ಕಾಡುಹಂದಿ ಊರಿಗೆ ನುಗ್ಗುತ್ತೆ. ಕೊಂದ ಯುವಕನಿಗೆ ಶಾಪ ತಗಲಿ ಊರು ಬಿಡ್ತಾನೆ. ಕಾಡು ಕಡಿದು ಕಬ್ಬಿಣ ಮಾಡುವ ಎಬೋಷಿ ಒಂದು ಕಡೆ, ತೋಳಗಳು ಸಾಕಿದ ಹುಡುಗಿ ಸಾನ್ ಇನ್ನೊಂದು ಕಡೆ. ಎಬೋಷಿಯನ್ನು ಕೆಟ್ಟವಳು ಅನ್ನೋಣ ಅಂದ್ರೆ, ಕುಷ್ಠರೋಗಿಗಳಿಗೆ, ಮಾರಾಟವಾದ ಹೆಣ್ಣುಮಕ್ಕಳಿಗೆ ಆಶ್ರಯ ಕೊಟ್ಟವಳೂ ಅವಳೇ.

ಇದು ಜಪಾನಿನ ಕಥೆ ಮಾತ್ರವಾ? 2025ರ ಜೂನ್‌ನಲ್ಲಿ ನಿಮ್ಮದೇ ತಾಲ್ಲೂಕಿನ ಹೂಗ್ಯಂ ವಲಯದಲ್ಲಿ ತಾಯಿಹುಲಿ, ನಾಲ್ಕು ಮರಿ ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿಯನ್ನೇ ವಾಹನ ಮಾಡಿಕೊಂಡ ಮಾದಪ್ಪನ ಕಾಡಿನಲ್ಲಿ! ನಾವು ಸ್ಟುಡಿಯೋದಲ್ಲಿ ಕೂತು ‘ಪಾಪಿಗಳು’ ಅಂತ ಕೂಗಿದೆವು. ಕೂಗಬೇಕಾದದ್ದೇ. ಆದರೆ ಕಾಡಂಚಿನಲ್ಲಿ ಹಸು ಕಳೆದುಕೊಳ್ಳುವವರ ಮಾತನ್ನು ಎಷ್ಟು ನಿಮಿಷ ಕೇಳಿದೆವು? ಮಿಯಾಜಾಕಿ ಎರಡೂ ಕಡೆ ಕೇಳಿದ. ನಾನು ಕೇಳಲಿಲ್ಲ.

ತಮ್ಮಾ, ಸಿನಿಮಾದಲ್ಲಿ ರಕ್ತ ಇದೆ, ಪುಟ್ಟಮಕ್ಕಳಿಗೆ ಬೇಡ. ಮೊಬೈಲ್ ಹಿಡಿದು ಮೂಲೆಯಲ್ಲಿ ಒಬ್ಬನೇ ನೋಡಬೇಡ. ಮನೆಯ ಹಿರಿಯರನ್ನ ಪಕ್ಕ ಕೂರಿಸ್ಕೊ, ಮಾತು ಅರ್ಥವಾಗದ ಕಡೆ ಕನ್ನಡದಲ್ಲಿ ಹೇಳು. ಮುಗಿದ ಮೇಲೆ ತಪ್ಪು ಯಾರದ್ದು ಅಂತ ಅವರನ್ನೇ ಕೇಳು. ಕಾಡಿನ ಪಕ್ಕ ಬಾಳಿದವರು ಅವರು. ಏನು ಹೇಳಿದರು ಅಂತ ನನಗೂ ಬರಿ.