ಇಲ್ಲದ ಸೀರೆಯ ಎಳೆತ

ಕೊಳ್ಳೇಗಾಲದ ರೇಷ್ಮೆ ಸೀರೆಯನ್ನು ಇಬ್ಬರು ಮಡಚುವುದನ್ನು ನೋಡಬೇಕು. ಒಬ್ಬರು ಅಂಚು ಎಳೆದರೆ ಎದುರಿನವರ ಮುಂಗೈ ತಾನಾಗಿ ಬಿಗಿಯುತ್ತದೆ. ಸೀರೆಯೇ ಇಲ್ಲದೆ ಅದನ್ನು ಮಾಡಿ ತೋರಿಸುವುದು ಮೂಕಾಭಿನಯ. ನಾಲ್ಕು ಕೈಗಳ ಅಂತರ ಕೊಂಚ ತಪ್ಪಿದರೂ ಸೀರೆ ಮಾಯ! ನೋಡುಗರನ್ನು ನಂಬಿಸುವುದು ಎಳೆದವರಿಗಿಂತ ಆ ಎಳೆತಕ್ಕೆ ಸಿಕ್ಕವರು.

1987ರಲ್ಲಿ ತೆರೆಕಂಡ ಸಿಂಗೀತಂ ಶ್ರೀನಿವಾಸ ರಾವ್ ಅವರ ‘ಪುಷ್ಪಕ ವಿಮಾನ’ದಲ್ಲಿ ಮಾತೇ ಇಲ್ಲ. ಬೆಂಗಳೂರಿನಲ್ಲಿ ತೆಗೆದ ಆ ಚಿತ್ರದಲ್ಲಿ ಕಮಲ್ ಹಾಸನ್, ಅಮಲಾ ಸನ್ನೆಯಲ್ಲೇ ಒಲಿಯುತ್ತಾರೆ; ಅಲ್ಲೂ ಒಬ್ಬರ ಸನ್ನೆಗೆ ಇನ್ನೊಬ್ಬರ ಮೈ ಉತ್ತರಿಸಬೇಕು.

ಹನೂರು ತಾಲ್ಲೂಕಿನ ಮಲೆ ಮಹದೇಶ್ವರ ಬೆಟ್ಟದ ದೇವರಗುಡ್ಡರು ತಾಳ ಬೀಸಿ ಕುಣಿಯುವ ಬೀಸು ಕಂಸಾಳೆಯಲ್ಲೂ ಜೊತೆಗಾರನಿಗೆ ಸ್ಪಂದಿಸುವ ಇದೇ ಪಳಗುವಿಕೆ ಇದೆ. ಬೀಸಿದ ತಾಳ ಜೊತೆಗಾರನ ಬಟ್ಟಲಿಗೇ ಬಡಿಯಬೇಕು. ಕಣ್ಣು ತಪ್ಪಿದರೆ ಪೆಟ್ಟು.

ಯಳಂದೂರು ಕಡೆಯ ಮೇಷ್ಟ್ರುಗಳು ಶಾಲಾ ವಾರ್ಷಿಕೋತ್ಸವಕ್ಕೆ ಮೂಕಾಭಿನಯ ಕಲಿಸುವುದಿದ್ದರೆ, ಮೊದಲು ಮಕ್ಕಳ ಕೈಗೆ ಕಂಸಾಳೆ ಕೊಡಲಿ.