ಬಾಟಲಿಗೆ ಅಂತ ಒಬ್ಬನೇ ವಾಪಸ್ ಹೋದ ಹುಡುಗ: ಸ್ಕೌಟ್ ದಳ, ನಾಯಕತ್ವ ಮತ್ತು ನಿಯಮ

ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಕೇಳ್ತಾ ಇರೋರಿಗೆ, ಗದ್ದೆ ಬದುವಿನ ಮೇಲೆ ಇಯರ್‌ಫೋನ್ ಹಾಕ್ಕೊಂಡು ನಿಂತಿರೋರಿಗೆ, ಓದೋದು ಬಿಟ್ಟು ಇದನ್ನ ಹಾಕ್ಕೊಂಡಿರೋರಿಗೂ ನಮಸ್ಕಾರ.

ನಾನು ಹೈಸ್ಕೂಲ್ ಮೇಷ್ಟ್ರು. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕಿನೊಳಗೇ ವರ್ಗ ಆಗ್ತಾ ಬಂದಿದ್ದೀನಿ. ಹೋದ ಕಡೆಯೆಲ್ಲ ಸ್ಕೌಟ್ ದಳ ನಡೆಸಿದ್ದೀನಿ. ಯೂನಿಫಾರ್ಮ್, ಕೊರಳಿಗೆ ಸ್ಕಾರ್ಫ್, ಆಗಸ್ಟ್ 15ಕ್ಕೆ ಮೈದಾನದಲ್ಲಿ ಪರೇಡ್. ಸ್ಕೌಟ್ ಅಂದ್ರೆ ಬಹಳ ಜನಕ್ಕೆ ಗೊತ್ತಿರೋದು ಇಷ್ಟೇ. ಇವತ್ತು ನಾನು ಮಾತಾಡೋದು ಪರೇಡ್ ಬಗ್ಗೆ ಅಲ್ಲ. ಹದಿನಾಲ್ಕು ವರ್ಷದ ಹುಡುಗನ ಕೈಗೆ ಜವಾಬ್ದಾರಿ ಕೊಟ್ಟಾಗ ಏನಾಗುತ್ತೆ, ಅವನು ನಿಯಮ ಮುರಿದಾಗ ತಪ್ಪು ಯಾರದು, ಅದರ ಬಗ್ಗೆ.

ನೇರವಾಗಿ ಘಟನೆಗೇ ಬರ್ತೀನಿ.

ಕೆಲವು ವರ್ಷದ ಹಿಂದೆ ಒಂದು ಭಾನುವಾರ, 24 ಹುಡುಗರನ್ನ ಕರ್ಕೊಂಡು ಪಾಂಡವಪುರದ ಕುಂತಿ ಬೆಟ್ಟಕ್ಕೆ ಹೋಗಿದ್ದೆ. ನೋಡಿರೋರಿಗೆ ಗೊತ್ತು, ಬರೀ ಬಂಡೆ. ಸುತ್ತ ಭತ್ತ, ಕಬ್ಬು. ಹತ್ತಿದ್ವಿ, ತಿಂಡಿ ತಿಂದ್ವಿ, ಇಳಿದ್ವಿ. ಬುಡಕ್ಕೆ ಬಂದು ಎಣಿಸಿದಾಗ 23 ಜನ.

ಇನ್ನೊಂದು ಸಲ ಎಣಿಸಿದೆ. 23.

ಏಳನೇ ಕ್ಲಾಸಿನ ಒಬ್ಬ ಹುಡುಗ ನೀರಿನ ಬಾಟಲಿ ಮೇಲೆ ಬಿಟ್ಟು ಬಂದಿದ್ದ. ಅರ್ಧ ದಾರಿ ಇಳಿದ ಮೇಲೆ ನೆನಪಾಗಿದೆ. ಅವನ ತಂಡದ ನಾಯಕ, ಒಂಬತ್ತನೇ ಕ್ಲಾಸು, 'ಬೇಗ ಓಡೋಗಿ ತಗೊಂಡ್ ಬಾರ್ಲಾ' ಅಂತ ಒಬ್ಬನನ್ನೇ ಕಳಿಸಿದ್ದಾನೆ. ನಮ್ಮ ದಳದ ಮೊದಲನೇ ನಿಯಮವೇ ಏನು ಗೊತ್ತಾ? ಯಾರೂ ಎಲ್ಲಿಗೂ ಒಬ್ಬರೇ ಹೋಗೋ ಹಾಗಿಲ್ಲ. ಮೂತ್ರಕ್ಕೆ ಹೋದ್ರೂ ಇಬ್ಬರು. ಆ ನಿಯಮವನ್ನ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಆ ನಾಯಕನೇ. ವಾರ ವಾರ ಬೇರೆಯವರಿಗೆ ಹೇಳಿಕೊಡ್ತಾ ಇದ್ದವನು.

ನಲವತ್ತು ನಿಮಿಷ ಹುಡುಕಿದ್ವಿ. ಕೂಗಿದ್ರೆ ಬಂಡೆಗೆ ಹೊಡೆದು ನಮ್ಮ ದನಿಯೇ ವಾಪಸ್ ಬರೋದು. ಆ ನಲವತ್ತು ನಿಮಿಷದಲ್ಲಿ ಅವನ ಅಮ್ಮನಿಗೆ ಏನಂತ ಫೋನ್ ಮಾಡೋದು ಅನ್ನೋದೊಂದೇ ನನ್ನ ತಲೆಯಲ್ಲಿ ಓಡ್ತಿತ್ತು. ಕೊನೆಗೆ ಸಿಕ್ಕಿದ. ದಾರಿ ತಪ್ಪಿ ಬೆಟ್ಟದ ಇನ್ನೊಂದು ಮಗ್ಗುಲಿಗೆ ಇಳಿದುಬಿಟ್ಟಿದ್ದ. ಅಲ್ಲಿ ಒಬ್ಬ ಯಜಮಾನರು ಪಂಪ್‌ಸೆಟ್ ಮನೆ ಪಕ್ಕ ಕೂರಿಸ್ಕೊಂಡು, ಒಂದು ಜಲ್ಲೆ ಕಬ್ಬು ಮುರಿದು ಕೊಟ್ಟಿದ್ರು. ಮೊಣಕಾಲು ತರಚಿತ್ತು ಅಷ್ಟೇ. ಬಾಟಲಿ ಮಾತ್ರ ಕೈಯಲ್ಲೇ ಇತ್ತು.

ಮುಂದೆ ಏನಾಯ್ತು ಅನ್ನೋದೇ ಇವತ್ತಿನ ವಿಷಯ. ಅದಕ್ಕೂ ಮೊದಲು ದಳ ಹೇಗೆ ನಡೆಯುತ್ತೆ ಅಂತ ಸ್ವಲ್ಪ ಹೇಳಿಬಿಡ್ತೀನಿ.

ದಳದೊಳಗೆ ಆರರಿಂದ ಎಂಟು ಹುಡುಗರ ಚಿಕ್ಕ ಚಿಕ್ಕ ತಂಡ ಇರ್ತವೆ. ಅದಕ್ಕೆ ಪೆಟ್ರೋಲ್ ಅಂತಾರೆ. ಬೈಕಿಗೆ ಹಾಕೋದಲ್ಲಪ್ಪಾ! ಪ್ರತಿ ವರ್ಷ ಈ ಜೋಕ್ ಒಬ್ಬ ಮಾಡೇ ಮಾಡ್ತಾನೆ, ಅದಕ್ಕೇ ನಾನೇ ಮುಗಿಸಿಬಿಟ್ಟೆ. ಒಂದೊಂದು ತಂಡಕ್ಕೂ ಒಂದು ಹೆಸರು, ನವಿಲು, ಹುಲಿ, ಹೀಗೆ. ಪ್ರತಿ ತಂಡಕ್ಕೂ ಹುಡುಗರಲ್ಲೇ ಒಬ್ಬ ನಾಯಕ.

ಇದು ಎಲ್ಲಿಂದ ಬಂತು? 1907ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ಅನ್ನೋ ದ್ವೀಪದಲ್ಲಿ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರ ಶಿಬಿರ ಮಾಡಿದ್ರು. ಅವರು ಸೈನ್ಯದ ಅಧಿಕಾರಿ. ಅದಕ್ಕೆ ಮುಂಚೆ, 1899-1900ರಲ್ಲಿ, ದಕ್ಷಿಣ ಆಫ್ರಿಕಾದ ಮೆಫೆಕಿಂಗ್ ಪಟ್ಟಣಕ್ಕೆ ಶತ್ರುಗಳು ಮುತ್ತಿಗೆ ಹಾಕಿದ್ದಾಗ, ಅಲ್ಲಿನ ಹುಡುಗರು ಕಾಗದ ಪತ್ರ ಸಾಗಿಸೋ ಕೆಲಸ ನಂಬಿಕೆಯಿಂದ ಮಾಡಿದ್ದನ್ನ ನೋಡಿದ್ರು. ದ್ವೀಪದಲ್ಲಿ ಸಾಹುಕಾರರ ಮಕ್ಕಳನ್ನೂ ಕೂಲಿಯವರ ಮಕ್ಕಳನ್ನೂ ಬೆರೆಸಿ ನಾಲ್ಕು ತಂಡ ಮಾಡಿ, ಒಂದೊಂದಕ್ಕೂ ಒಬ್ಬ ಹುಡುಗನನ್ನೇ ನಾಯಕ ಮಾಡಿದ್ರು. ಇವತ್ತಿಗೂ ದಳ ನಡೆಯೋದು ಅದೇ ಲೆಕ್ಕದಲ್ಲಿ.

ಭಾರತದ ಮೊದಲ ಸ್ಕೌಟ್ ದಳ ಶುರುವಾದದ್ದು ನಮ್ಮ ಬೆಂಗಳೂರಲ್ಲೇ, 1909ರಲ್ಲಿ. ಆದರೆ ಅದಕ್ಕೆ ಭಾರತೀಯ ಹುಡುಗರನ್ನ ಸೇರಿಸ್ಕೊಳ್ತಾ ಇರಲಿಲ್ಲ. ಯುರೋಪಿಯನ್ನರ, ಆಂಗ್ಲೋ ಇಂಡಿಯನ್ನರ ಮಕ್ಕಳಿಗೆ ಮಾತ್ರ. ಅದೂ ಒಂದು 'ರೂಲ್ಸು' ಆಗಿತ್ತು ನೋಡಿ! ಆ ನಿಯಮ ಒಪ್ಪದೆ ಆನಿ ಬೆಸೆಂಟ್, ಅರುಂಡೇಲ್ ಮುಂತಾದವರು ಮದ್ರಾಸಿನಲ್ಲಿ ನಮ್ಮ ಹುಡುಗರಿಗೆ ಅಂತಲೇ ಬೇರೆ ಸಂಘ ಕಟ್ಟಿದ್ರು. ಆಮೇಲೆ ಬಾಗಿಲು ತೆರೀತು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು, ಬೇರೆ ಬೇರೆ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಆಯ್ತು. ನಿಯಮ ಪಾಲಿಸಿ ಅಂತ ಹೇಳೋ ಈ ಸಂಸ್ಥೆಯ ಹಿಂದೇನೇ ಒಂದು ಕೆಟ್ಟ ನಿಯಮ ಮುರಿದ ಕತೆ ಇದೆ. ಅದಕ್ಕೇ ಹುಡುಗರು 'ಯಾಕ್ ಸಾ ಈ ರೂಲ್ಸು?' ಅಂತ ಕೇಳಿದ್ರೆ ನಾನು ಬೈಯೋದಿಲ್ಲ. ಯಾಕೆ ಅಂತ ಹೇಳೋಕೆ ನನಗೆ ಬರದಿದ್ರೆ, ಆ ನಿಯಮ ಇಟ್ಕೊಳ್ಳೋ ಹಕ್ಕು ನನಗಿಲ್ಲ.

ಸರಿ, ಕುಂತಿ ಬೆಟ್ಟಕ್ಕೆ ವಾಪಸ್ ಬರೋಣ.

ತಂಡದ ನಾಯಕರೆಲ್ಲ ಮೇಷ್ಟ್ರ ಜೊತೆ ಕೂತು ತೀರ್ಮಾನ ಮಾಡೋ ಸಭೆಗೆ ಕೋರ್ಟ್ ಆಫ್ ಆನರ್ ಅಂತಾರೆ. ಹೆಸರು ಕೋರ್ಟು, ಆದರೆ ಕಟಕಟೆ ಇಲ್ಲ. ಮುಂದಿನ ಹೈಕ್ ಎಲ್ಲಿಗೆ, ದುಡ್ಡು ಎಷ್ಟು ಹಾಕೋದು, ಯಾರಿಗೆ ಬ್ಯಾಡ್ಜ್, ಯಾರು ತಪ್ಪು ಮಾಡಿದ್ರು, ಎಲ್ಲ ಅಲ್ಲೇ. ಅಲ್ಲಿ ಆಡಿದ ಮಾತು ಹೊರಗೆ ಹೇಳೋ ಹಾಗಿಲ್ಲ. ಹಾಗಾದ್ರೆ ನೀವೀಗ ಹೇಳ್ತಾ ಇದ್ದೀರಲ್ಲ ಅಂದ್ರೆ, ಅವತ್ತು ಕೂತಿದ್ದ ಹುಡುಗರು ಈಗ ದೊಡ್ಡವರಾಗಿದ್ದಾರೆ. ಎಲ್ಲರಿಗೂ ಫೋನ್ ಮಾಡಿ ಕೇಳಿ, ಒಪ್ಪಿದ ಮೇಲೇ ಈ ಮೈಕ್ ಮುಂದೆ ಕೂತಿದ್ದೀನಿ.

ಸೋಮವಾರ ಸಂಜೆ ಆರು ಹುಡುಗರು, ನಾನು, ಶಾಲೆಯ ಹಿಂದಿನ ಹೊಂಗೆ ಮರದ ಕೆಳಗೆ ಕೂತ್ವಿ. ನಾನು ಮೊದಲೇ ತೀರ್ಮಾನ ಮಾಡ್ಕೊಂಡೇ ಹೋಗಿದ್ದೆ. ಅವನ ನಾಯಕತ್ವದ ಪಟ್ಟಿ ತೆಗೆಯೋದು. ಮುಗೀತು. ಸಭೆ ಬರೀ ಶಾಸ್ತ್ರಕ್ಕೆ.

ಅವನು ಅಳಲಿಲ್ಲ, ವಾದ ಮಾಡಲಿಲ್ಲ. 'ತಪ್ಪಾಯ್ತು ಸಾ' ಅಂದ. ಅಷ್ಟೇ. ಆಗ ಇನ್ನೊಂದು ತಂಡದ ನಾಯಕ, ಯಾವಾಗಲೂ ಬಾಯಿ ಬಿಡದ ಹುಡುಗ, ನೆಲ ನೋಡ್ತಾ ಕೇಳಿದ: 'ಸಾ, ನೀವು ಮೇಲೆ ಏನ್ ಹೇಳಿದ್ರಿ ನೆನಪೈತಾ?'

ನೆನಪಿತ್ತು. ಒಂದು ಗಂಟೆ ಬಸ್ಸಿಗೆ ಹೊರಡಬೇಕಿತ್ತು. 'ಕೊನೇಲಿ ಇಳಿಯೋ ತಂಡವನ್ನ ಬಿಟ್ಟು ಬಸ್ ಹತ್ತುತೀನಿ ನೋಡಿ' ಅಂತ ಎಲ್ಲರ ಮುಂದೆ ಕೂಗಿದ್ದೆ. ತಮಾಷೆಗೆ ಅಂದಿದ್ದು. ಆದರೆ ಹದಿನಾಲ್ಕು ವರ್ಷದವನಿಗೆ ಮೇಷ್ಟ್ರ ತಮಾಷೆ ಅಂದ್ರೆ ಆಜ್ಞೆ. ಇಬ್ಬರನ್ನ ಕಳಿಸಿದ್ರೆ ತಂಡ ಇನ್ನೂ ತಡ ಆಗುತ್ತೆ, ಒಬ್ಬನೇ ಆದ್ರೆ ಓಡಿ ಬರ್ತಾನೆ ಅಂತ ಅವನು ಲೆಕ್ಕ ಹಾಕಿದ್ದ. ನಿಯಮ ಒಂದು ಕಡೆ, ಮೇಷ್ಟ್ರ ಬೈಗುಳದ ಭಯ ಇನ್ನೊಂದು ಕಡೆ. ಭಯ ಗೆದ್ದಿತ್ತು. ಆ ಭಯ ಇಟ್ಟವನು ನಾನು.

ನಾನು ಕೂತಲ್ಲೇ ಬೆವತೆ. ಆಮೇಲೆ ಹೇಳಿದೆ, 'ಹೌದು ಕಣ್ರಪ್ಪಾ, ಅದು ನನ್ನ ತಪ್ಪು.' ಮೇಷ್ಟ್ರಾದವರಿಗೆ ಗೊತ್ತಿರುತ್ತೆ, ಈ ಒಂದು ವಾಕ್ಯ ಗಂಟಲಿಂದ ಈಚೆ ಬರೋದು ಎಷ್ಟು ಕಷ್ಟ ಅಂತ.

ಹುಡುಗರು ಏನು ತೀರ್ಮಾನ ಮಾಡಿದ್ರು ಗೊತ್ತಾ? ಪಟ್ಟಿ ತೆಗೆಯೋದು ಬೇಡ. ಆದರೆ ಸುಮ್ಮನೆ ಬಿಡೋದೂ ಬೇಡ. ಅವನೂ ನಾನೂ ಇಬ್ಬರೂ ಆ ಚಿಕ್ಕ ಹುಡುಗನ ಮನೆಗೆ ಹೋಗಿ ನಡೆದದ್ದನ್ನ ಹೇಳಬೇಕು. ಮುಂದಿನ ಮೂರು ಹೈಕ್‌ನಲ್ಲಿ ತಲೆ ಎಣಿಸೋ ಕೆಲಸ ಅವನದೇ. ಹೋದ್ವಿ. ಅವರಮ್ಮ ಕಾಫಿ ಕೊಟ್ಟರು, ಆಮೇಲೆ ಚೆನ್ನಾಗಿ ಬೈದರು. ಇಬ್ಬರೂ ತಲೆ ತಗ್ಗಿಸಿ ಬೈಸ್ಕೊಂಡ್ವಿ. ನನ್ನ ಮೇಷ್ಟ್ರುಗಿರಿಯಲ್ಲಿ ಅದಕ್ಕಿಂತ ದೊಡ್ಡ ಟ್ರೇನಿಂಗ್ ಆಗಿಲ್ಲ.

ಅಲ್ಲಿಂದಾಚೆ ನಾನು ಮೂರು ವಿಷಯ ಬದಲಾಯಿಸಿದೆ.

ಮೊದಲನೇದು, ನಿಯಮಗಳನ್ನ ಎರಡು ಭಾಗ ಮಾಡಿದ್ವಿ. ಹುಡುಗರು ಮಾಡೋ ನಿಯಮ, ಯಾರೂ ಬದಲಾಯಿಸೋ ಹಾಗಿಲ್ಲದ ನಿಯಮ. ಎಲ್ಲಿಗೆ ಹೋಗೋದು, ಏನು ಅಡುಗೆ, ಹಾಡೇನು, ಶಿಬಿರದಲ್ಲಿ ಮೊಬೈಲ್ ಎಷ್ಟು ಹೊತ್ತು, ಇದೆಲ್ಲ ಅವರದೇ. ಮೊಬೈಲ್ ವಿಷಯದಲ್ಲಿ ನಾನಾಗಿದ್ರೆ ಒಂದು ಗಂಟೆ ಕೊಡ್ತಿದ್ದೆ. ಅವರು ಅರ್ಧ ಗಂಟೆ ಸಾಕು ಅಂತ ಮಾಡ್ಕೊಂಡ್ರು. ತಾವೇ ಮಾಡಿದ ನಿಯಮ ಅಂದ್ಮೇಲೆ ಕಾಯೋದೂ ತಾವೇ.

ಇನ್ನೊಂದು ಭಾಗದಲ್ಲಿ ಇರೋದು ಮೂರೇ. ಯಾರೂ ಒಬ್ಬರೇ ಹೋಗೋ ಹಾಗಿಲ್ಲ. ಮೇಷ್ಟ್ರು ಹೇಳದೆ ನೀರಿಗೆ ಇಳಿಯೋ ಹಾಗಿಲ್ಲ. ಏನಾದ್ರೂ ಆದ್ರೆ ಮುಚ್ಚಿಡೋ ಹಾಗಿಲ್ಲ. ಇದಕ್ಕೆ ಕೈ ಎತ್ತೋದಿಲ್ಲ, ವೋಟಿಲ್ಲ.

ನೀರಿನ ಮಾತು ಯಾಕೆ ಅಷ್ಟು ಗಟ್ಟಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿ. ಕೆ.ಆರ್.ಪೇಟೆ ಕಡೆ ಹೇಮಾವತಿ. ಪಾಂಡವಪುರದಲ್ಲಿ ತೊಣ್ಣೂರು ಕೆರೆ, ಮಧ್ಯೆ ಹಾದು ಹೋಗೋ ವಿ.ಸಿ. ನಾಲೆ. ನಾಗಮಂಗಲದಲ್ಲಿ ಊರೂರಿಗೆ ಕೆರೆ, ಕೃಷಿ ಹೊಂಡ. 2018ರ ನವೆಂಬರ್ 24ರಂದು ಕನಗನಮರಡಿ ಹತ್ತಿರ ಬಸ್ಸು ನಾಲೆಗೆ ಬಿದ್ದು 30 ಜನ ಹೋದ್ರು. ಸ್ಕೂಲಿಂದ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ರು. ಅದು ಬಸ್ ಅಪಘಾತ, ಈಜಿನ ವಿಷಯ ಅಲ್ಲ, ನಿಜ. ಆದರೆ ನಾಲೆ ನೀರು ಮೇಲಿಂದ ನೋಡೋಕೆ ಎಷ್ಟು ಶಾಂತವಾಗಿದ್ರೂ ಒಳಗೆ ಏನು ಅನ್ನೋದು ಅವತ್ತು ಸುತ್ತಲಿನ ಊರುಗಳಿಗೆಲ್ಲ ಗೊತ್ತಾಯ್ತು. ಹಾಗಾಗಿ ತೊಣ್ಣೂರು ಕೆರೆ ದಂಡೆಯಲ್ಲಿ 24 ಹುಡುಗರೂ ಒಟ್ಟಿಗೆ 'ಸಾ ಸಾ, ಐದೇ ನಿಮಿಷ' ಅಂತ ಬೇಡಿದ್ರೂ ನಾನು ಇಲ್ಲ ಅಂದ್ರೆ ಇಲ್ಲ. ನಾಯಕತ್ವ ಕಲಿಸೋದು ಅಂದ್ರೆ ಎಲ್ಲವನ್ನೂ ಹುಡುಗರ ಕೈಗೆ ಬಿಟ್ಟುಬಿಡೋದಲ್ಲ.

ಎರಡನೇದು, ನಿಯಮ ಹೇಳುವಾಗ ಅದನ್ನ ಪಾಲಿಸೋ ದಾರಿಯನ್ನೂ ಕೊಡಬೇಕು. ಯಾರಾದ್ರೂ ಮುಳುಗ್ತಾ ಇದ್ರೆ ಹಾರಬೇಡ ಅಂತ ಮಾತ್ರ ಹೇಳಿದ್ರೆ ಸಾಲದು. ಕಣ್ಣೆದುರಿಗೆ ಗೆಳೆಯ ಮುಳುಗ್ತಾ ಇದ್ರೆ ಯಾವ ಹುಡುಗ ಸುಮ್ಮನಿರ್ತಾನೆ? ಅದಕ್ಕೇ ಹಗ್ಗದ ತುದಿಗೆ ಜಾರದ ಕುಣಿಕೆ ಹಾಕೋದು, ದಡದಲ್ಲಿ ಮಲಗಿ ಕೋಲು ಚಾಚೋದು, ಟವೆಲ್, ಲುಂಗಿ, ಖಾಲಿ ಕ್ಯಾನ್ ಏನು ಸಿಕ್ಕಿದ್ರೂ ಎಸೆಯೋದು, ಒಬ್ಬ ಕೂಗೋದು, ಒಬ್ಬ 112ಕ್ಕೆ ಫೋನ್ ಮಾಡೋದು, ಇದನ್ನ ಮೈದಾನದಲ್ಲಿ ಮತ್ತೆ ಮತ್ತೆ ಮಾಡಿಸ್ತೀನಿ. ಕೈಗೆ ಕೆಲಸ ಗೊತ್ತಿದ್ರೆ ನೀರಿಗೆ ಹಾರಬೇಡ ಅನ್ನೋ ಮಾತು ಉಳಿಯುತ್ತೆ.

ಮೂರನೇದು, ನಾನು ಅವಸರ ಮಾಡೋದನ್ನ ನಿಲ್ಲಿಸಿದೆ. ಈಗ ಬಸ್ ಹೋದ್ರೆ ಹೋಗ್ಲಿ, ಮುಂದಿನ ಬಸ್ಸು. ದಳದಲ್ಲಿ ಯಾರು ಬೇಕಾದ್ರೂ, ಅತಿ ಚಿಕ್ಕವನೂ, 'ಸಾ, ನಿಲ್ಲಿ, ಎಣಿಸ್ಬೇಕು' ಅಂದ್ರೆ ಎಲ್ಲರೂ ನಿಲ್ಲಬೇಕು. ನಾನೂ ನಿಲ್ಲಬೇಕು. ಹೊಸಹೊಳಲು ದೇವಸ್ಥಾನ ನೋಡೋಕೆ ಹೋದಾಗ ಒಬ್ಬ ಪುಟ್ಟ ಹುಡುಗ ಒಂದೇ ದಿನ ಒಂಬತ್ತು ಸಲ ನಿಲ್ಲಿಸಿದ. ನನಗೆ ರೇಗಿಹೋಯ್ತು. ಆದರೂ ಒಂಬತ್ತು ಸಲವೂ ನಿಂತೆ.

ಕೇಳ್ತಾ ಇರೋ ನೀವು ಸ್ಕೌಟ್ ಅಲ್ಲದೇ ಇರಬಹುದು. ಆದರೆ ನಿಮ್ಮಲ್ಲಿ ಎಷ್ಟೋ ಜನ ಕ್ರಿಕೆಟ್ ಟೀಮಿನ ಕ್ಯಾಪ್ಟನ್ನು, ಕ್ಲಾಸ್ ಲೀಡರ್ರು, ಊರಲ್ಲಿ ಗಣೇಶ ಕೂರಿಸೋ ಹುಡುಗರು. ಗಣೇಶನ ಉದಾಹರಣೆಯನ್ನೇ ತಗೊಳ್ಳಿ. ಚಂದಾ ಎತ್ತೋದು, ಪೆಂಡಾಲ್, ಆರ್ಕೆಸ್ಟ್ರಾ, ಎಲ್ಲದಕ್ಕೂ ಮೀಟಿಂಗ್ ಆಗುತ್ತೆ, ಜಗಳಾನೂ ಆಗುತ್ತೆ. ಬಿಡುವ ದಿನ ಕೆರೆಗೆ ಯಾರು ಇಳೀತಾರೆ, ಎಷ್ಟು ಆಳದವರೆಗೆ, ದಡದಲ್ಲಿ ಹಗ್ಗ ಹಿಡಿದು ನಿಲ್ಲೋನು ಯಾರು, ಕುಡಿದು ಬಂದವನನ್ನ ತಡೆಯೋನು ಯಾರು, ಇದಕ್ಕೆ ಒಂದು ಮೀಟಿಂಗ್ ಆಗುತ್ತಾ? ಕುಣಿತ ಶುರುವಾದ ಮೇಲೆ ಯಾರ ಮಾತೂ ಯಾರಿಗೂ ಕೇಳಿಸೋದಿಲ್ಲ. ಹಿಂದಿನ ದಿನವೇ ಕೂತು ಹೆಸರು ಬರೆದಿಟ್ಕೊಳ್ಳಿ. ತಂಡದ ನಾಯಕ ನೀವಾಗಿದ್ರೆ ಆ ಪಟ್ಟಿಯಲ್ಲಿ ನಿಮ್ಮ ಹೆಸರು ಮೊದಲು ಇರಲಿ. ನೀವು ಯಾವುದನ್ನ ಮಾಡೋ ಹಾಗಿಲ್ಲ ಅನ್ನೋದನ್ನೂ ಅದರಲ್ಲೇ ಬರೀರಿ.

ಸ್ಕೌಟ್ ಸೇರಬೇಕು ಅನ್ನೋರು ನಿಮ್ಮ ಶಾಲೆಯಲ್ಲಿ ಕೇಳಿ. ಹತ್ತು ವರ್ಷ ತುಂಬಿದ್ರೆ ಸ್ಕೌಟ್, ಹೆಣ್ಣುಮಕ್ಕಳಿಗೆ ಗೈಡ್. ಕಾಲೇಜಿನವರಿಗೆ ರೋವರ್, ರೇಂಜರ್ ಇದೆ, 25ರವರೆಗೆ.

ಆ ನಾಯಕ ಹುಡುಗ ಏನಾದ ಅಂತ ಕೇಳ್ತೀರಾ? ಹೋದ ತಿಂಗಳು ಸಿಕ್ಕಿದ್ದ. ಈಗ ಗೂಡ್ಸ್ ಆಟೋ ಇಟ್ಕೊಂಡಿದ್ದಾನೆ, ಮದುವೆ ಮನೆಗಳಿಗೆ ಪಾತ್ರೆ ಸಾಮಾನು ಹೊಡೀತಾನೆ. ಟೀ ಕುಡೀತಾ ಮಾತಾಡ್ತಾ ಇದ್ವಿ. ಹೊರಡುವಾಗ ಗಾಡಿ ಹಿಂದಕ್ಕೆ ಹೋಗಿ, ತಂದಿದ್ದ ಹುಡುಗರನ್ನ ಒಂದು, ಎರಡು, ಮೂರು ಅಂತ ಬೆರಳು ಮಾಡಿ ಎಣಿಸಿದ. ನನ್ನ ಕಡೆ ತಿರುಗಿ, 'ಅಭ್ಯಾಸ ಆಗೋಗೈತೆ ಸಾ' ಅಂತ ನಕ್ಕು ಗಾಡಿ ಸ್ಟಾರ್ಟ್ ಮಾಡಿದ.