ಲೆಕ್ಕದಿಂದ ಗಣಿತಕ್ಕೆ: ಪದವಿಯ ಕೊನೆಯ ಮೆಟ್ಟಿಲುಗಳು

(ಲಿಂಗದಹಳ್ಳಿಯ ವಿದ್ಯಾರ್ಥಿ-ಪೋಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)

 

ಪಿಯುಸಿಯಲ್ಲಿ ಗಣಿತಕ್ಕೆ ಒಳ್ಳೆಯ ಅಂಕ ತೆಗೆದ ಮಕ್ಕಳು ಬಿ.ಎಸ್ಸಿ. ಸೇರುತ್ತಾರೆ. ಮೊದಲ ವರ್ಷ ಸಲೀಸಾಗಿ ಸಾಗುತ್ತದೆ. ಮುಂದೆ ರಿಯಲ್ ಅನಾಲಿಸಿಸ್, ಆಲ್ಜೀಬ್ರಾ, ಸಂಭವನೀಯತೆಯ ಸಿದ್ಧಾಂತ ಬಂದಾಗ ಎಷ್ಟೋ ಮಂದಿ "ನನಗೆ ಇದು ಹತ್ತುವುದಿಲ್ಲ" ಎಂದು ಕೈಚೆಲ್ಲುತ್ತಾರೆ. ಬುದ್ಧಿ ಕಡಿಮೆಯಾಗಿರುವುದಿಲ್ಲ. ಕೇಳುವ ಪ್ರಶ್ನೆ ಬದಲಾಗಿರುತ್ತದೆ. ಅಲ್ಲಿಯವರೆಗೆ "ಉತ್ತರ ಎಷ್ಟು?" ಎಂದು ಕೇಳುತ್ತಿದ್ದರು. ಈಗ "ಏಕೆ?" ಎಂದು ಕೇಳುತ್ತಾರೆ. ಇದನ್ನು ಮೊದಲೇ ಯಾರಾದರೂ ಹೇಳಿದರೆ ಅರ್ಧ ಭಯ ಹೋಗುತ್ತದೆ.

ಒಂದು ಉದಾಹರಣೆ. "ಪ್ರತಿ ಮನೆಗೂ ಒಂದು ಬಾವಿ ಇದೆ." "ಒಂದು ಬಾವಿ ಇದೆ, ಅದೇ ಎಲ್ಲ ಮನೆಗೂ." ಪದಗಳು ಹೆಚ್ಚುಕಡಿಮೆ ಅವೇ. ಕ್ರಮ ಬದಲಾದರೆ ಊರೇ ಬದಲಾಗುತ್ತದೆ. ಮೊದಲನೆಯದರಲ್ಲಿ ಮನೆಗೊಂದು ಬಾವಿ ಇರಬಹುದು. ಎರಡನೆಯದರಲ್ಲಿ ಇಡೀ ಊರಿಗೆ ಒಂದೇ ಬಾವಿ. ಕಂಟಿನ್ಯೂಟಿಗೂ ಯೂನಿಫಾರ್ಮ್ ಕಂಟಿನ್ಯೂಟಿಗೂ ಇರುವ ವ್ಯತ್ಯಾಸ ಇದೇ. ಬಿಂದುವಿಗೊಂದು ಡೆಲ್ಟಾ ಹುಡುಕಬಹುದೇ, ಅಥವಾ ಎಲ್ಲ ಬಿಂದುಗಳಿಗೂ ಒಂದೇ ಡೆಲ್ಟಾ ಸಾಲಬೇಕೇ? ಕನ್ನಡ, ಉರ್ದು ಮಾಧ್ಯಮದಿಂದ ಬಂದವರು ಪ್ರಮೇಯವನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡುವ ಮೊದಲು ಮನೆಮಾತಿನಲ್ಲಿ ಹೇಳಿಕೊಳ್ಳಿ. ಅರ್ಥ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಬರೆಯಿರಿ.

ಸಂಖ್ಯಾಶಾಸ್ತ್ರದಲ್ಲಿಯೂ ಹಾಗೆಯೇ. ತೋಟದಿಂದ ಮೂರು ಅಡಿಕೆ ಗೊನೆ ತೂಗಿದಿರಿ ಎನ್ನಿ: 4, 5, 6 ಕಿಲೋ. ಸರಾಸರಿ 5. ಸರಾಸರಿಯಿಂದ ವ್ಯತ್ಯಾಸಗಳು -1, 0, +1. ಅವುಗಳ ವರ್ಗಗಳ ಮೊತ್ತ 2. ಇಡೀ ತೋಟದ ಏರಿಳಿತವನ್ನು ಅಂದಾಜು ಮಾಡಲು ಇದನ್ನು 3ರಿಂದ ಭಾಗಿಸದೆ 2ರಿಂದ ಏಕೆ ಭಾಗಿಸುತ್ತಾರೆ? ವ್ಯತ್ಯಾಸಗಳ ಮೊತ್ತ ಯಾವಾಗಲೂ ಸೊನ್ನೆ. ಎರಡು ಗೊತ್ತಾದರೆ ಮೂರನೆಯದು ತಾನೇ ಸಿಗುತ್ತದೆ. ಸ್ವತಂತ್ರವಾಗಿ ಉಳಿದ ಮಾಹಿತಿ ಎರಡೇ. ಸೂತ್ರ ಹಾಕಲು ಯಂತ್ರ ಸಾಕು. ಈ "ಏಕೆ" ತಿಳಿಯಲು ಪದವಿ ಬೇಕು.

ಈ ವಿಷಯದ ಹಿರಿಯರೊಬ್ಬರು ನಮ್ಮ ನಾಡಿನಲ್ಲೇ ಹುಟ್ಟಿದವರು. ಸಿ.ಆರ್. ರಾವ್ ಜನಿಸಿದ್ದು 1920ರಲ್ಲಿ, ಈಗಿನ ವಿಜಯನಗರ ಜಿಲ್ಲೆಯ ಹೂವಿನಹಡಗಲಿಯಲ್ಲಿ. ಗಣಿತದಲ್ಲಿ ಎಂ.ಎ. ಮುಗಿಸಿ ಕೆಲಸ ಹುಡುಕುತ್ತ ಕಲ್ಕತ್ತೆಗೆ ಹೋದರು. ಕೆಲಸ ಸಿಗಲಿಲ್ಲ. 1941ರಲ್ಲಿ ಅಲ್ಲಿನ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ತರಬೇತಿಗೆ ಸೇರಿದರು. ನಾಲ್ಕೇ ವರ್ಷದಲ್ಲಿ, 1945ರಲ್ಲಿ, ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲದು ಎಂಬ ಮಿತಿಯನ್ನು ತೋರಿಸಿದರು. ಇಂದು ಅದನ್ನು ಕ್ರಾಮರ್-ರಾವ್ ಮಿತಿ ಎಂದು ಓದುತ್ತೇವೆ. ಆ ಕೆಲಸಕ್ಕೆ 2023ರಲ್ಲಿ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಬಹುಮಾನ ಬಂತು. ಅದೇ ವರ್ಷ ಆಗಸ್ಟ್‌ನಲ್ಲಿ, 102ನೇ ವಯಸ್ಸಿನಲ್ಲಿ ತೀರಿಕೊಂಡರು.

ದಾರಿಗಳು ನಮಗೆ ದೂರವಿಲ್ಲ. ಶಿವಮೊಗ್ಗದಲ್ಲಿ ಸಹ್ಯಾದ್ರಿ ವಿಜ್ಞಾನ ಕಾಲೇಜಿದೆ. ಶಂಕರಘಟ್ಟದಲ್ಲಿ, 1987ರಲ್ಲಿ ಆರಂಭವಾದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಗಣಿತದ ಸ್ನಾತಕೋತ್ತರ ವಿಭಾಗವಿದೆ. ಪದವಿಯ ಕೊನೆಯ ವರ್ಷದಲ್ಲೇ 'ಜಾಮ್' ಪರೀಕ್ಷೆ ಬರೆಯಬಹುದು. ಅದರಲ್ಲಿ ಗಣಿತಕ್ಕೊಂದು, ಗಣಿತೀಯ ಸಂಖ್ಯಾಶಾಸ್ತ್ರಕ್ಕೊಂದು ಪತ್ರಿಕೆ ಇದೆ. ಅದು ಐಐಟಿಗಳ ಎಂ.ಎಸ್ಸಿ.ಗೆ ಬಾಗಿಲು. ಪದವಿಯಲ್ಲಿ ಸಂಖ್ಯಾಶಾಸ್ತ್ರ ಒಂದು ವಿಷಯವಾಗಿದ್ದರೆ ಯುಪಿಎಸ್‌ಸಿ ನಡೆಸುವ ಭಾರತೀಯ ಸಂಖ್ಯಾಶಾಸ್ತ್ರ ಸೇವೆಯ ಪರೀಕ್ಷೆಗೂ ಕೂರಬಹುದು. ಆದ್ದರಿಂದ ವಿಷಯ ಆರಿಸುವಾಗಲೇ ಯೋಚಿಸಿ.

ಪೋಷಕರಲ್ಲಿ ಒಂದು ಮಾತು. ಮಗಳ ಓದನ್ನು ಎರಡನೇ ವರ್ಷಕ್ಕೆ ನಿಲ್ಲಿಸಿದರೆ, ಅವಳು ಕಲಿತದ್ದು ಲೆಕ್ಕ ಮಾತ್ರ. ಗಣಿತದ ಹೊಸ್ತಿಲಿನಿಂದಲೇ ಅವಳನ್ನು ಹಿಂದಕ್ಕೆ ಕರೆತಂದಂತೆ. ಇನ್ನೊಂದು ವರ್ಷ ತಾಳ್ಮೆಯಿಂದಿರಿ. ಮಗನಿಗೂ ಇದೇ ಮಾತು: ಈಗ ಸಿಗುವ ಸಣ್ಣ ಸಂಬಳಕ್ಕಾಗಿ ಕೊನೆಯ ವರ್ಷವನ್ನು ಬಿಡಿಸಬೇಡಿ.

ಸಂಘಕ್ಕೂ ಒಂದು ಕೋರಿಕೆ ಇದೆ. ಬಹುಮಾನ ಕೊಡುವುದು ಒಳ್ಳೆಯದೇ. ಜೊತೆಗೆ ವಾರಕ್ಕೊಂದು ಸಂಜೆ ಒಂದು ಕೋಣೆ, ಒಂದು ಕಪ್ಪುಹಲಗೆ ಕೊಡಿ. ಕೊನೆಯ ವರ್ಷದವರು ಕಿರಿಯರ ಮುಂದೆ ಒಂದೊಂದು ಪ್ರಮೇಯವನ್ನು ಪುಸ್ತಕ ಮುಚ್ಚಿ ಸಾಧಿಸಿ ತೋರಿಸಲಿ. ಕಿರಿಯರು "ಏಕೆ?" ಎಂದು ಕೇಳುತ್ತಲೇ ಇರಲಿ. ಇದಕ್ಕೆ ಹೆಚ್ಚು ಖರ್ಚಿಲ್ಲ.